ಹಳೆಯ ನಕ್ಷೆಯಲ್ಲಿ ಶರಾವತಿಯ ಕಣಿವೆ

1802ರಲ್ಲಿ ಲ್ಯಾಂಬ್ಟನ್ ಎಂಬ ಅಧಿಕಾರಿಯು ನಮ್ಮ ನಗರದ ಸೇಂಟ್ ಥಾಮಸ್ ಬೆಟ್ಟದ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆದನು. ಅಲ್ಲಿಂದ ಹೊರಟ ತ್ರಿಕೋನಗಳ ಸಾಲು ಮೈಸೂರು ಸೀಮೆಯನ್ನು ದಾಟಿ ಪಡುಗಡಲನ್ನು ಮುಟ್ಟಿತು. ಅಂಥ ಮಾಪನದಿಂದ ಮೂಡಿದ, ಮೈಲಿಗೊಂದು ಇಂಚಿನ ಹಳೆಯ ನಕ್ಷೆಯಲ್ಲಿ ಸಾಗರ ತಾಲ್ಲೂಕಿನ ಶರಾವತಿ ಕಣಿವೆಯನ್ನು ನೋಡೋಣ.

ನೀಲಿ ಹೊಳೆ, ಹಸುರು ಕಾಡು, ಹಳದಿ ಸಾಗುವಳಿಯ ನೆಲ. ಕಂದುಗೆರೆಗಳು ಸಮೋನ್ನತಿ ರೇಖೆಗಳು; ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವಂಥವು. ಹೊಳೆ 830 ಅಡಿ ಧುಮುಕುವ ಜೋಗದ ಬಳಿ ಅವು ಒತ್ತೊತ್ತಾಗಿವೆ; ಅದರ ಮೇಲಣ ಕಣಿವೆಯಲ್ಲಿ ವಿರಳವಾಗಿವೆ. ಅಣೆಕಟ್ಟು ಕಟ್ಟುವವರ ಕಣ್ಣಿಗೆ ಇದಕ್ಕಿಂತ ಒಳ್ಳೆಯ ನೆಲೆ ಬೇಕೆ?

ಈಗ 1800 ಅಡಿಯ ರೇಖೆಯನ್ನು ಪೆನ್ಸಿಲಿನಿಂದ ಅನುಸರಿಸೋಣ. ಅದು ಹಳ್ಳಹಳ್ಳದೊಳಕ್ಕೂ ನುಗ್ಗಿ, ಗುಡ್ಡಗಳನ್ನು ಬಳಸಿ ಹೊರಬರುತ್ತದೆ. 1964ರಲ್ಲಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣ ಜಲಮಟ್ಟ 1819 ಅಡಿ. ಆದುದರಿಂದ ಸ್ಥೂಲವಾಗಿ ಆ ರೇಖೆಯೇ ಜಲಾಶಯದ ದಡ. ಭತ್ತದ ಗದ್ದೆಗೂ ಅಡಕೆಯ ತೋಟಕ್ಕೂ ನೀರಿರುವ ತಗ್ಗೇ ಬೇಕಷ್ಟೆ. ಹೀಗಾಗಿ ಮುಳುಗಿದ್ದು ಅನ್ನ ಕೊಡುವ ನೆಲ, ಉಳಿದದ್ದು ಗುಡ್ಡದ ನೆತ್ತಿ. ನಕ್ಷೆಯ ಒಂದೊಂದು ಕೆಂಪು ಚುಕ್ಕೆಯೂ ಒಂದು ಮನೆಯಾಗಿತ್ತೆಂಬುದನ್ನು ಮರೆಯಲಾಗದು.

ರೇಖೆಗಳು ಉಂಗುರದಂತೆ ಮುಚ್ಚಿಕೊಂಡಿದ್ದ ಕೆಲವೆಡೆ ನಡುಗಡ್ಡೆಗಳಾದುವು. ಹಿನ್ನೀರಿನಾಚೆಯ ತುಮರಿಯ ಕಡೆಯವರು, 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ, ಸಾಗರಕ್ಕೆ ಬರಲು ಲಾಂಚನ್ನು ಕಾಯಬೇಕಾಗಿತ್ತು. 1940ರ ದಶಕದಲ್ಲಿ ಇದೇ ಹೊಳೆಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ನೀರಿನಡಿ ಸೇರಿತು. ಬೇಸಗೆಯಲ್ಲಿ ನೀರು ಬಹಳ ಇಳಿದಾಗ ಅದು ಮತ್ತೆ ಕಾಣಿಸುತ್ತದೆ.