ಬೀಜದ ತಟ್ಟೆಗಳನ್ನು ಕತ್ತರಿಸಿ ಮಾಡಿಸುವ ಕ್ರಮ

ಮುಸುಕಿನ ಜೋಳ ಬಿತ್ತುವ ಯಂತ್ರದ ಬೀಜದ ತಟ್ಟೆಯು ಸವೆದರೆ, ತಗಡನ್ನೂ ಪ್ಲಾಸ್ಟಿಕ್ ಹಲಗೆಯನ್ನೂ ಅಳತೆಗೆ ಕತ್ತರಿಸಿಕೊಡುವ ವರ್ಕ್‌ಷಾಪುಗಳಲ್ಲಿ ಹೊಸದನ್ನು ಮಾಡಿಸಬಹುದು. ಸವೆದ ತಟ್ಟೆಯನ್ನೇ ಮಾದರಿಯಾಗಿ ಕಳುಹಿಸುವುದು ಸರಿಯಲ್ಲ. ಹಿಗ್ಗಿದ ರಂಧ್ರಗಳ ಅಳತೆಯೇ ಹೊಸದಕ್ಕೂ ಬರುವುದು. ರಂಧ್ರವು ದೊಡ್ಡದಾದರೆ ಒಂದೆಡೆಯಲ್ಲಿ ಎರಡು ಮೂರು ಬೀಜಗಳು ಬೀಳುವುವು. ಚಿಕ್ಕದಾದರೆ ಸಾಲಿನಲ್ಲಿ ತೆರಪುಗಳುಳಿಯುವುವು. ತಟ್ಟೆಯ ದಪ್ಪವೂ ಬೀಜಕ್ಕೆ ಹೊಂದತಕ್ಕದ್ದು. ಆದುದರಿಂದ ಬಿತ್ತತಕ್ಕ ಬೀಜವನ್ನು ಒಂದು ಹಿಡಿ ಜೊತೆಗೆ ಕೊಟ್ಟು, ಮೊದಲು ಒಂದೇ ತಟ್ಟೆಯನ್ನು ಮಾಡಿಸಿ, ಕಣದಲ್ಲಿ ಯಂತ್ರವನ್ನು ನಡೆಯಿಸಿ, ಬಿದ್ದ ಬೀಜಗಳನ್ನು ಎಣಿಸಿ ನೋಡತಕ್ಕದ್ದು. ಬಿತ್ತನೆಯ ವಾರದಲ್ಲಿ ಇದಕ್ಕೆ ಬಿಡುವೆಲ್ಲಿಯದು?

ಯಾವ ಪ್ಲಾಸ್ಟಿಕ್ಕೆಂದು ತಿಳಿಯದೆ ಲೇಸರ್ ಕಿರಣದಿಂದ ಕತ್ತರಿಸಗೊಡಬಾರದು. ನೀರಿನ ಕೊಳವೆಗಳಿಗೆ ಉಪಯೋಗಿಸುವ ಪಿ.ವಿ.ಸಿ.ಯು ಆ ಶಾಖಕ್ಕೆ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಿಡುವುದು. ಅದು ಕೆಲಸಗಾರನ ಶ್ವಾಸಕ್ಕೂ ಯಂತ್ರದ ಕಬ್ಬಿಣಕ್ಕೂ ಕೇಡು. ಅಂಥದನ್ನು ತಿರುಗುವ ಅಲಗಿನಿಂದಲೇ ಕೊಯ್ಯಿಸತಕ್ಕದ್ದು.