ಕಗ್ಗತ್ತಲೆಯ ಖಂಡ ಮತ್ತು ನೆರೆಯ ಸಿದ್ದಿ: ಕನ್ನಡದಲ್ಲಿ ಆಫ್ರಿಕಾದ ಕಲ್ಪನೆ

ದೂರದ ಖಂಡವೊಂದನ್ನು ಒಂದು ಭಾಷೆಯ ಸಾಹಿತ್ಯವು ಕಲ್ಪಿಸಿಕೊಳ್ಳುವ ಬಗೆಯು ಆ ಖಂಡಕ್ಕಿಂತ ಹೆಚ್ಚಾಗಿ ಆ ಭಾಷಿಕರ ಪ್ರಜ್ಞೆಯನ್ನು ಕುರಿತು ಹೇಳುತ್ತದೆ. ಬಂಗಾಳಿ ಸಾಹಿತ್ಯ ಇದಕ್ಕೆ ಉತ್ತಮ ನಿದರ್ಶನ. ಆಫ್ರಿಕಾವನ್ನು ಎಂದೂ ಕಾಣದ ಬಿಭೂತಿಭೂಷಣ ಬಂದ್ಯೋಪಾಧ್ಯಾಯರು 1937ರಲ್ಲಿ ಪ್ರಕಟವಾದ ‘ಚಾಂದೇರ್ ಪಾಹಾಡ್’ ಕಾದಂಬರಿಯಲ್ಲಿ ಅದನ್ನು ಬಂಗಾಳಿ ತರುಣನ ಸಾಹಸದ ಭೂಮಿಯಾಗಿ ಚಿತ್ರಿಸಿದರು. ಅದೇ ವರ್ಷ ರವೀಂದ್ರನಾಥ ಠಾಕೂರರು, ಇಥಿಯೋಪಿಯಾದ ಮೇಲೆ ಇಟಲಿಯು 1935ರಲ್ಲಿ ನಡೆಸಿದ ಆಕ್ರಮಣದ ಹಿನ್ನೆಲೆಯಲ್ಲಿ ‘ಆಫ್ರಿಕಾ’ ಕವಿತೆಯನ್ನು ರಚಿಸಿದರು. ಒಂದರಲ್ಲಿ ಸಾಹಸ, ಇನ್ನೊಂದರಲ್ಲಿ ಅನುಕಂಪ. ಕನ್ನಡದ ಸಂದರ್ಭದಲ್ಲಿ ಈ ಎರಡರ ಜೊತೆಗೆ ಮೂರನೆಯ ಸಂಗತಿಯೊಂದಿದೆ: ಆಫ್ರಿಕಾ ಮೂಲದ ಸಿದ್ದಿ ಸಮುದಾಯವು ಶತಮಾನಗಳಿಂದ ಕನ್ನಡ ನಾಡಿನಲ್ಲಿಯೇ ಬದುಕಿದೆ. ಈ ಸಾಮೀಪ್ಯವು ನಮ್ಮ ಕಲ್ಪನೆಯನ್ನು ಬದಲಿಸಿದೆಯೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

1. ಪದಗಳ ಸಾಕ್ಷ್ಯ

ಆಫ್ರಿಕಾ ಎಂಬ ಖಂಡದ ಹೆಸರು ಶಾಲೆಯ ಭೂಗೋಳದ ಮೂಲಕ ನಮಗೆ ಪರಿಚಿತವಾಗುವ ಮೊದಲೇ ಅಲ್ಲಿನ ಜನರನ್ನು ಕುರಿತ ಎರಡು ಪದಗಳು ದಖ್ಖನ್ ಪ್ರದೇಶದಲ್ಲಿ ಬಳಕೆಯಲ್ಲಿದ್ದವು. ‘ಹಬಶಿ’ ಎಂಬುದು ಅಬಿಸೀನಿಯಾದ ಅರಬ್ಬಿ ಹೆಸರಾದ ‘ಹಬಶ್’ನಿಂದ ಬಂದುದು. ‘ಸಿದ್ದಿ’ ಎಂಬುದು ಒಡೆಯ ಎಂಬರ್ಥದ ಅರಬ್ಬಿ ಗೌರವಪದಕ್ಕೆ ಸಂಬಂಧಿಸಿದುದೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಅಹಮದನಗರದ ಮಲಿಕ್ ಅಂಬರ್ ಹಾಗೂ ಬಿಜಾಪುರದ ಇಖ್ಲಾಸ್ ಖಾನ್ ಇಬ್ಬರೂ ಹಬಶಿಗಳೇ. ರಾಜ್ಯಭಾರದ ಸೂತ್ರ ಹಿಡಿದವರು. ಆದರೆ ನಮ್ಮ ಬರವಣಿಗೆಯಲ್ಲಿ ನೆಲೆನಿಂತದ್ದು ‘ಕಗ್ಗತ್ತಲೆಯ ಖಂಡ’ ಎಂಬ ನುಡಿ. 1878ರಲ್ಲಿ ಪ್ರಕಟವಾದ ಸ್ಟಾನ್ಲಿಯ ಪ್ರವಾಸಗ್ರಂಥವು ಪ್ರಸಿದ್ಧಗೊಳಿಸಿದ ಇಂಗ್ಲಿಷ್ ಪದಪುಂಜದ ಕನ್ನಡ ರೂಪವಿದು. ದಖ್ಖನ್ನಿನ ನೆನಪಿನಲ್ಲಿದ್ದ ಸೇನಾನಿ ಮರೆಯಾಗಿ, ಎರವಲು ತಂದ ಕತ್ತಲೆ ಉಳಿಯಿತು.

2. ಶೋಧಕರ ಆಫ್ರಿಕಾ

ಪೂರ್ಣಚಂದ್ರ ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಕೃತಿಯ ಎರಡನೆಯ ಭಾಗವು ನೈಲ್ ನದಿಯ ಮೂಲವನ್ನರಸಿದವರ ಕಥನ. ಕನ್ನಡದ ಓದುಗರಲ್ಲಿ ಭೂಗೋಳದ ಕುತೂಹಲವನ್ನು ಬೆಳೆಸಿದ ಈ ಬಗೆಯ ಬರವಣಿಗೆಯ ಮಹತ್ವವನ್ನು ಅಲ್ಲಗಳೆಯಲಾಗದು. ಆದರೆ ಶೋಧದ ಕಥನಕ್ಕೆ ತನ್ನದೇ ಆದ ಮಿತಿಯೊಂದಿದೆ. 1858ರಲ್ಲಿ ಸ್ಪೀಕ್ ‘ಕಂಡುಹಿಡಿದು’ ತನ್ನ ರಾಣಿಯ ಹೆಸರಿಟ್ಟ ಸರೋವರವನ್ನು ಅದರ ದಡದ ಗಂಡಾ ಜನರು ‘ನಾಲುಬಾಲೆ’ ಎಂದು ಕರೆಯುತ್ತಿದ್ದರು. ಶೋಧಕನೇ ನಾಯಕನಾದಾಗ ದಡದ ಮೇಲೆ ಬದುಕಿದವರು ಹಿನ್ನೆಲೆಗೆ ಸರಿಯುತ್ತಾರೆ.

3. ಕನ್ನಡಿಯಾದ ಆಫ್ರಿಕಾ

ಈ ನೋಟ ಬದಲಾದುದು ಆಫ್ರಿಕಾದ ಲೇಖಕರು ಕನ್ನಡಕ್ಕೆ ಬಂದ ಮೇಲೆ. ಚಿನುವಾ ಅಚಿಬೆಯ 1958ರ ಮೊದಲ ಕಾದಂಬರಿಯನ್ನು ಸಿ. ನಾಗಣ್ಣನವರು ‘ಭಂಗ’ ಎಂದು ಅನುವಾದಿಸಿದರು. ಇಗ್ಬೊ ಹಳ್ಳಿಯ ಕುಲಕಟ್ಟಳೆ, ಗಾದೆ, ದೈವಗಳ ಲೋಕವು ಕನ್ನಡದ ಓದುಗನಿಗೆ ಅಪರಿಚಿತವೆನಿಸಲಿಲ್ಲ. ಇಂಗ್ಲಿಷನ್ನು ಬಿಟ್ಟು ಗಿಕುಯು ಭಾಷೆಯಲ್ಲಿ ಕಾದಂಬರಿ ಬರೆದ ಗೂಗಿ ವಾ ಥಿಯೊಂಗೊನ ನಿಲುವು ಕನ್ನಡದ ಭಾಷಾ ಚರ್ಚೆಗೂ ನೇರವಾಗಿ ಸಂಬಂಧಿಸಿದುದಾಗಿತ್ತು. ಇಲ್ಲಿ ಆಫ್ರಿಕಾ ಕತ್ತಲೆಯಲ್ಲ, ಕನ್ನಡಿ. ಆದರೂ ಒಂದು ಎಚ್ಚರ ಅಗತ್ಯ: ಕನ್ನಡಿಯಲ್ಲಿ ಕಾಣುವುದು ನೋಡುವವನ ಮುಖವೇ.

4. ಮಂಚಿಕೇರಿಯ ಪ್ರಯೋಗ

ಇದೇ ಕಾದಂಬರಿಯ ರಂಗರೂಪ ‘ಕಪ್ಪು ಜನ ಕೆಂಪು ನೆರಳು’. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಸಂಸ್ಥೆಯ ಆಶ್ರಯದಲ್ಲಿ, ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ, ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿ ಕಲಾವಿದರು ಇದನ್ನು ಅಭಿನಯಿಸಿದರು. ಕಾಡಿನ ಕೂಲಿಗಳೆಂದಷ್ಟೇ ಗುರುತಿಸಲ್ಪಡುತ್ತಿದ್ದವರು ರಂಗದ ಕೇಂದ್ರಕ್ಕೆ ಬಂದರು ಎಂಬುದು ಇದರ ಐತಿಹಾಸಿಕ ಮಹತ್ವ.

ಆದರೆ ಈ ಪ್ರಯೋಗವು ಒಂದು ತೊಡಕನ್ನೂ ಮುಂದಿಡುತ್ತದೆ. ಉತ್ತರ ಕನ್ನಡದ ಸಿದ್ದಿಯರಲ್ಲಿ ಅನೇಕರ ಪೂರ್ವಜರು ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರ ಮನೆಮಾತು ಕೊಂಕಣಿಯ ಒಂದು ಬಗೆ, ಕನ್ನಡವೂ ಅವರದೇ. ಹಿಂದೂ, ಕ್ರೈಸ್ತ, ಮುಸ್ಲಿಂ ಧರ್ಮಗಳು ಮೂರೂ ಅವರಲ್ಲಿವೆ. ಅಚಿಬೆಯ ನೈಜೀರಿಯಾದೊಡನೆ ಅವರಿಗಿರುವುದು ಖಂಡದ ಸಂಬಂಧವೇ ಹೊರತು ಊರಿನ ಸಂಬಂಧವಲ್ಲ. ಮೈಬಣ್ಣದ ಆಧಾರದಿಂದ ಅವರಿಗೆ ಆಫ್ರಿಕಾದ ಪಾತ್ರವನ್ನು ವಹಿಸಿದಾಗ ಮರೆತ ಮೂಲವೊಂದು ಮರಳಿ ದೊರೆಯಬಹುದು. ಅಂತೆಯೇ ಅವರು ಇಲ್ಲಿಯವರಲ್ಲ ಎಂಬ ಭಾವನೆಗೂ ಇಂಬು ದೊರೆಯಬಹುದು. ಇವೆರಡೂ ಸಾಧ್ಯತೆಗಳನ್ನು ಒಟ್ಟಿಗೆ ಗಮನಿಸದ ವಿಮರ್ಶೆ ಅಪೂರ್ಣ.

ಉಪಸಂಹಾರ

ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. 2020ರಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಯರಿಗೂ ಈ ಮಾನ್ಯತೆ ವಿಸ್ತರಿಸಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕಾನೂನು ಅವರನ್ನು ಈ ನೆಲದವರೆಂದು ಒಪ್ಪಿಕೊಂಡಿದೆ. ಸಾಹಿತ್ಯದಲ್ಲಿ ಮಾತ್ರ ಅವರು ಬಹುಮಟ್ಟಿಗೆ ಇತರರ ಬರವಣಿಗೆಯ ವಸ್ತುವಾಗಿಯೇ ಉಳಿದಿದ್ದಾರೆ. ಡಮಾಮಿ ವಾದ್ಯದೊಡನೆ ಹಾಡುವ ಅವರ ಹಾಡುಗಳನ್ನು, ಮೌಖಿಕ ಕಥನಗಳನ್ನು ಅವರ ಮಾತಿನಲ್ಲಿಯೇ ದಾಖಲಿಸಿ ಅಭ್ಯಸಿಸುವುದು ಕನ್ನಡ ವಿಭಾಗಗಳ ಮುಂದಿರುವ ಕೆಲಸ. ಆಗ ಆಫ್ರಿಕಾವು ಕನ್ನಡಕ್ಕೆ ದೂರದ ಖಂಡವಾಗಿ ಉಳಿಯದೆ ತನ್ನದೇ ಚರಿತ್ರೆಯ ಒಂದು ಅಧ್ಯಾಯವಾಗಬಲ್ಲದು.