ಮೇನ್ ಬಯಲಿನ ಕಾಡು ಬ್ಲೂಬೆರಿ

ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದಲ್ಲಿ ಸಾವಿರಾರು ಎಕರೆ ಕಾಡು ಬ್ಲೂಬೆರಿ ಬಯಲುಗಳಿವೆ. ಗಿಡಗಳನ್ನು ಅಲ್ಲಿ ಯಾರೂ ನೆಟ್ಟಿಲ್ಲ. ಹಿಮಯುಗ ಮುಗಿದು ನೀರ್ಗಲ್ಲು ಹಿಂದೆ ಸರಿದಾಗ ಉಳಿದ ಮರಳು, ಗರಸಿನ ಬಡ ನೆಲದಲ್ಲಿ ತಾನಾಗಿ ಹಬ್ಬಿದ ಪೊದೆಯಿದು. ವಬನಾಕಿ ಮೂಲನಿವಾಸಿಗಳು ಆಗಾಗ ಬೆಂಕಿಯಿಟ್ಟು ಪೊದೆಗಳನ್ನು ಹೊಸದಾಗಿ ಚಿಗುರಿಸುತ್ತಿದ್ದರು. ಇಂದಿನ ರೈತರ ಕೆಲಸವೂ ಇದ್ದದ್ದನ್ನು ಸಾಕುವುದೇ.

ಗೇಣಿನಿಂದ ಮೊಳದವರೆಗಷ್ಟೇ ಎತ್ತರವಿರುವ ಈ ಗಿಡದ ಬಹುಪಾಲು ನೆಲದಡಿಯಲ್ಲಿದೆ. ಶುಂಠಿಯಂತೆ ಕಾಂಡ ಮಣ್ಣೊಳಗೇ ಅಡ್ಡಡ್ಡ ಹರಿದು, ಅಲ್ಲಲ್ಲಿ ಕುಡಿ ಎಬ್ಬಿಸುತ್ತದೆ. ಮೇಲ್ಭಾಗ ಸುಟ್ಟರೂ, ನೆಲಮಟ್ಟಕ್ಕೆ ಸವರಿದರೂ ಅದು ಸಾಯುವುದಿಲ್ಲ. ಹಳೆಯ ಕಡ್ಡಿ ಹೋದಷ್ಟೂ ಹೊಸ ಕುಡಿ ಹುಲುಸಾಗಿ ಬರುತ್ತದೆ. ಬೇಸಾಯವೆಲ್ಲ ನಿಂತಿರುವುದು ಈ ಗುಣದ ಮೇಲೆ. ಸವರಿದ ಮೊದಲ ವರ್ಷ ಬರೀ ಚಿಗುರು. ಆ ಬೇಸಿಗೆಯ ಕೊನೆಗೆ ಕುಡಿಗಳಲ್ಲಿ ಹೂಮೊಗ್ಗು ಕಟ್ಟುತ್ತದೆ. ಚಳಿಗಾಲದಲ್ಲಿ ಹಿಮದ ಹೊದಿಕೆ ಆ ಮೊಗ್ಗುಗಳನ್ನು ಕೊರೆಯುವ ಚಳಿಯಿಂದ ಕಾಯುತ್ತದೆ. ಎರಡನೆಯ ವರ್ಷ ಫಸಲು. ಹಾಗಾಗಿ ಜಮೀನಿನ ಅರ್ಧ ಈ ವರ್ಷ, ಉಳಿದರ್ಧ ಮುಂದಿನ ವರ್ಷ ಕೊಯ್ಲಿಗೆ ಬರುವಂತೆ ರೈತರು ಭಾಗ ಮಾಡಿಕೊಳ್ಳುತ್ತಾರೆ.

ಹೂವು ಬಿಟ್ಟಾಗ ಜೇನು ಬೇಕೇಬೇಕು. ಒಂದೇ ಬುಡದಿಂದ ಹಬ್ಬಿದ ಗಿಡಗಳ ಪರಾಗ ತಮ್ಮತಮ್ಮಲ್ಲೇ ಸರಿಯಾಗಿ ಕಾಯಿ ಕಟ್ಟಿಸದು. ಬೇರೊಂದು ಬುಡದ ಪರಾಗ ಬರಬೇಕು. ಅದಕ್ಕಾಗಿ ಮೇ ತಿಂಗಳಲ್ಲಿ ದೂರದ ರಾಜ್ಯಗಳಿಂದ ಲಾರಿಗಳಲ್ಲಿ ಜೇನುಪೆಟ್ಟಿಗೆಗಳು ಬರುತ್ತವೆ. ಆದರೂ ರೆಕ್ಕೆಯ ಸ್ನಾಯು ನಡುಗಿಸಿ ಪರಾಗ ಉದುರಿಸಬಲ್ಲ ಅಲ್ಲಿನ ಕಾಡುದುಂಬಿಯೇ ಹೆಚ್ಚು ಸಮರ್ಥ. ದುಂಬಿ ಗೂಡು ಕಟ್ಟುವ ಬದುವನ್ನು ಸುಡದೆ ಉಳಿಸಿಕೊಂಡ ರೈತನೇ ಜಾಣ ಎಂದು ನನ್ನ ಅನಿಸಿಕೆ. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಬಾಚಣಿಗೆ ಹಲ್ಲಿನ ಮೊರದಂಥ ಕೈಸಾಧನದಿಂದಲೋ ಯಂತ್ರದಿಂದಲೋ ಹಣ್ಣು ಬಾಚುತ್ತಾರೆ. ಹೆಚ್ಚಿನದು ಸೀದಾ ಶೀತಲೀಕರಣಕ್ಕೆ ಹೋಗುತ್ತದೆ.

ಮಣ್ಣಿನ ವಿಷಯವನ್ನು ನಮ್ಮ ರೈತರು ಗಮನವಿಟ್ಟು ಓದಬೇಕು. ಈ ಗಿಡಕ್ಕೆ ರಸಸಾರ 4ರಿಂದ 5ರೊಳಗಿರುವ ಹುಳಿ ಮಣ್ಣೇ ಆಗಬೇಕು. ಹುಳಿ ಕಡಿಮೆಯಾದರೆ ಕಬ್ಬಿಣ ಸಿಗದೆ ಎಳೆಯ ಎಲೆ ಹಳದಿಯಾಗಿ, ನರ ಮಾತ್ರ ಹಸಿರು ಉಳಿಯುತ್ತದೆ. ಸಾರಜನಕವನ್ನು ಅದು ಅಮೋನಿಯಂ ರೂಪದಲ್ಲಿ ಚೆನ್ನಾಗಿ ಹೀರುತ್ತದೆ. ನೈಟ್ರೇಟ್ ಗೊಬ್ಬರ ಅದಕ್ಕೆ ಒಗ್ಗದು. ಮೇನ್ ರೈತರು ಸುಣ್ಣ ಹಾಕುವುದಿಲ್ಲ, ಗಂಧಕ ಹಾಕುತ್ತಾರೆ. ಮಣ್ಣು ಹುಳಿಯಾದಷ್ಟೂ ಹುಲ್ಲಿನ ಕಳೆ ಸೊರಗುತ್ತದೆ.

ಇದೇ ಕುಲದ ಪೊದೆ ನಮ್ಮ ನೀಲಗಿರಿಯ ಶೋಲಾ ಕಾಡಿನಲ್ಲೂ ಇದೆ. ಹಾಗೆಂದು ಮೇನ್ ಗಿಡ ಇಲ್ಲಿ ಫಲಿಸದು: ಅದರ ಮೊಗ್ಗು ಅರಳಲು ಸುಮಾರು 1000 ಗಂಟೆಗಳ ಚಳಿ ಬೇಕು, ನಮ್ಮ ಮಲೆನಾಡಿನಲ್ಲೂ ಅಷ್ಟು ಚಳಿಯಿಲ್ಲ. ಇಲ್ಲಿ ಕೆಲವರು ಬೆಳೆಯುತ್ತಿರುವುದು ಕಡಿಮೆ ಚಳಿ ಸಾಕಾಗುವ, ಎತ್ತರ ಬೆಳೆಯುವ ಬೇರೆ ತಳಿಗಳನ್ನು. ಅವಕ್ಕೂ ಹುಳಿ ಮಣ್ಣೇ ಬೇಕು. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರು ಹನಿ ನೀರಾವರಿಯಲ್ಲೇ ಆ ಹುಳಿಯನ್ನು ಮೆಲ್ಲಗೆ ಕೊಲ್ಲುತ್ತದೆ. ಸಸಿಗೆ ಮುಂಗಡ ಕೊಡುವ ಮೊದಲು ತಳಿಯ ಹೆಸರನ್ನೂ ಅದಕ್ಕೆ ಬೇಕಾದ ಚಳಿಯ ಗಂಟೆಗಳನ್ನೂ ಬರೆಸಿಕೊಳ್ಳಿ. ನಿಮ್ಮ ಮಣ್ಣನ್ನೂ ಬೋರ್‌ವೆಲ್ ನೀರನ್ನೂ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ.